ನೀರುನಾಯಿಗೂ ಪತಂಗಕ್ಕೂ ಎತ್ತಣ ಸಂಬಂಧ?

ಕಳೆದ ಸಂಚಿಕೆಯಲ್ಲಿ ತುಂಗಭದ್ರೆಯ ನೀರುನಾಯಿ ಮತ್ತು ಮಲೆನಾಡಿನ ಅಟ್ಲಾಸ್ ಪತಂಗದ ಚಿತ್ರಗಳು ಅಕ್ಕಪಕ್ಕದಲ್ಲೇ ಅಚ್ಚಾಗಿದ್ದವು. ಅವನ್ನು ನೋಡಿ ಬಂದ ಪತ್ರಗಳೇ ಈ ಸಲದ ಅಂಕಣಕ್ಕೆ ಸಾಕಾದವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎರಡೂ ಪ್ರಾಣಿಗಳೇ ಎನ್ನುವುದು ಗೊತ್ತು. ವರ್ಗೀಕರಣದಲ್ಲಿ ಇವುಗಳ ದಾರಿ ಎಲ್ಲಿ ಬೇರೆಯಾಗುತ್ತದೆ? ಪರೀಕ್ಷೆಗೆಂದು ಪಟ್ಟಿ ಉರು ಹೊಡೆದು ಸಾಕಾಗಿದೆ. (ಧಾರವಾಡ)

ಪಟ್ಟಿಯ ಎರಡನೆಯ ಮೆಟ್ಟಿಲಲ್ಲೇ. ಸಾಮ್ರಾಜ್ಯ ಒಂದೇ, ವಂಶಕ್ಕೆ ಬಂದಾಗ ನೀರುನಾಯಿ ಕಾರ್ಡೇಟಾ, ಅಂದರೆ ಬೆನ್ನೆಲುಬಿನ ಪ್ರಾಣಿಗಳು ಸೇರುವ ವಂಶ; ಪತಂಗ ಆರ್ಥ್ರೊಪೋಡಾ, ಅಂದರೆ ಸಂಧಿಪದಿ. ಈ ಎರಡು ಕವಲುಗಳು ಬೇರೆಯಾಗಿ 50 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಉರು ಹೊಡೆಯುವ ಬದಲು ಎರಡರ ಮೈಯನ್ನು ಮನಸ್ಸಿನಲ್ಲೇ ಉದ್ದಕ್ಕೆ ಸೀಳಿ ನೋಡಿ. ನೀರುನಾಯಿಯ ನರಹುರಿ ಬೆನ್ನಿನ ಕಡೆ, ಪತಂಗದ್ದು ಹೊಟ್ಟೆಯ ಕಡೆ. ಒಂದರ ಅಸ್ಥಿಪಂಜರ ಒಳಗೆ, ಇನ್ನೊಂದರದ್ದು ಕೈಟಿನ್ ಎಂಬ ಗಟ್ಟಿ ವಸ್ತುವಿನ ಹೊರಗವಚ. ಒಂದರ ರಕ್ತ ನಾಳಗಳೊಳಗೇ ಸುತ್ತುತ್ತದೆ, ಇನ್ನೊಂದರದ್ದು ಮೈಯ ಪೊಳ್ಳಿನಲ್ಲಿ ತುಂಬಿಕೊಂಡಿರುತ್ತದೆ. ಭ್ರೂಣ ಬೆಳೆಯುವಾಗ ಮೊದಲು ಮೂಡುವ ತೂತಿನ ಗತಿಯೂ ಬೇರೆ: ಕಶೇರುಕಗಳ ಕವಲಿನಲ್ಲಿ ಅದು ಗುದದ್ವಾರದ ಕಡೆಯಾಗುತ್ತದೆ, ಕೀಟಗಳ ಕವಲನ್ನು ಹಳೆಯ ಪುಸ್ತಕಗಳು 'ಬಾಯಿ ಮೊದಲು' ಎಂದು ಕರೆದದ್ದು ಇದರಿಂದಲೇ.

ಇಷ್ಟು ಹಿಡಿತಕ್ಕೆ ಸಿಕ್ಕರೆ ಉಳಿದದ್ದು ಸಲೀಸು. ತುಂಗಭದ್ರೆಯಲ್ಲಿ ಕಾಣುವುದು ನುಣುಪು ತುಪ್ಪಳದ ನೀರುನಾಯಿ: ಸಸ್ತನಿ ವರ್ಗ, ಕಾರ್ನಿವೋರಾ ಗಣ, ಮಸ್ಟೆಲಿಡೇ ಕುಟುಂಬ, ಲುಟ್ರೊಗಾಲೆ ಪರ್ಸ್ಪಿಸಿಲಾಟಾ ಪ್ರಭೇದ. ಲುಟ್ರೊಗಾಲೆ ಜಾತಿಯಲ್ಲಿ (ಜಾತಿ ಎಂದರೆ ಪ್ರಭೇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಗುಂಪು) ಇಂದು ಬದುಕಿರುವುದು ಇದೊಂದೇ. ಪಶ್ಚಿಮ ಘಟ್ಟದ ಪತಂಗ ಕೀಟ ವರ್ಗ, ಲೆಪಿಡಾಪ್ಟೆರಾ ಗಣ, ಸ್ಯಾಟರ್ನಿಡೇ ಕುಟುಂಬ. ಇದರ ಹೆಸರಿನಲ್ಲಿ ಒಂದು ಎಡವಟ್ಟಿದೆ. ಪತ್ರಿಕೆಗಳು ಪ್ರತಿ ಮಳೆಗಾಲದಲ್ಲೂ 'ಅಟಾಕಸ್ ಅಟ್ಲಾಸ್' ಎಂದೇ ಅಚ್ಚು ಹಾಕುತ್ತವೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಪತಂಗವನ್ನು ಈಗ ಅಟಾಕಸ್ ಟ್ಯಾಪ್ರೊಬಾನಿಸ್ ಎಂಬ ಪ್ರತ್ಯೇಕ ಪ್ರಭೇದವಾಗಿ ಎಣಿಸುತ್ತಾರೆ. ಹಿಂದೆ ಅದನ್ನು ಅಟ್ಲಾಸಿನ ಉಪಪ್ರಭೇದ ಎನ್ನುತ್ತಿದ್ದರು. ಉತ್ತರಪತ್ರಿಕೆಯಲ್ಲಿ ಯಾವುದನ್ನು ಬರೆಯಬೇಕೆಂಬುದು ನಿಮ್ಮ ಪಠ್ಯಪುಸ್ತಕಕ್ಕೆ ಬಿಟ್ಟದ್ದು, ಕಾಡಿನಲ್ಲಿ ಕಂಡದ್ದನ್ನು ದಾಖಲಿಸುವಾಗ ಮಾತ್ರ ಟ್ಯಾಪ್ರೊಬಾನಿಸ್ ಎಂದೇ ಬರೆಯಿರಿ.

ಇದೇ ಪತ್ರದಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಹೆಸರಿನ ಮುಂದೆ 'ಲಿನೇಯಸ್, 1758' ಎಂಬುದು ಕೆಲವೆಡೆ ಆವರಣದೊಳಗೆ, ಕೆಲವೆಡೆ ಹೊರಗೆ ಇರುವುದೇಕೆ? ಅದು ಮುದ್ರಣದೋಷವಲ್ಲ. ಮೊದಲು ಹೆಸರಿಟ್ಟವರು ಪ್ರಭೇದವನ್ನು ಯಾವ ಜಾತಿಯಲ್ಲಿಟ್ಟರೋ ಅಲ್ಲಿಂದ ಅದನ್ನು ಮುಂದೆ ಬೇರೆ ಜಾತಿಗೆ ಸರಿಸಿದ್ದರೆ ಅವರ ಹೆಸರು ಆವರಣದೊಳಗೆ ಹೋಗುತ್ತದೆ. 1758ರ ಅದೇ ಗ್ರಂಥದಲ್ಲಿ ಲಿನೇಯಸ್ ಯುರೇಷ್ಯಾದ ನೀರುನಾಯಿಯನ್ನು ನೋಡಲು ಮುಂಗುಸಿಯಂತಿರುವ ವೀಸಲ್‌ಗಳ ಜೊತೆ 'ಮಸ್ಟೆಲಾ'ದಲ್ಲಿಟ್ಟ, ಅಟ್ಲಾಸ್ ಪತಂಗವನ್ನು ಉಳಿದ ಬಹುಪಾಲು ಪತಂಗಗಳ ಜೊತೆ 'ಫಲೇನಾ'ದಲ್ಲಿಟ್ಟ. ಎರಡೂ ಅಲ್ಲಿ ಉಳಿಯಲಿಲ್ಲ, ಹಾಗಾಗಿ ಎರಡಕ್ಕೂ ಆವರಣ. ನೀರುನಾಯಿ ಜಾತಿ ಬದಲಿಸಿದರೂ ಮಸ್ಟೆಲಾದ ಹೆಸರು ಹೊತ್ತ ಕುಟುಂಬದಲ್ಲೇ ಉಳಿದಿದೆ. ಫಲೇನಾ ಮಾತ್ರ ಚೂರುಚೂರಾಗಿ ಹತ್ತಾರು ಕುಟುಂಬಗಳಿಗೆ ಹಂಚಿಹೋಯಿತು.

ಕೊನೆಯದಾಗಿ ಒಂದು ಎಚ್ಚರಿಕೆ: 'ಕುಟುಂಬ' ಎಂಬ ಮೆಟ್ಟಿಲು ಎರಡೂ ಕಡೆ ಒಂದೇ ಎತ್ತರದ್ದಲ್ಲ. ಮಸ್ಟೆಲಿಡೇ ಕುಟುಂಬದಲ್ಲಿ ಜಗತ್ತಿನಾದ್ಯಂತ ಎಣಿಸಿದರೂ ಕೆಲವೇ ಡಜನ್ ಪ್ರಭೇದಗಳು, ಸ್ಯಾಟರ್ನಿಡೇಯಲ್ಲಿ 2,000ಕ್ಕೂ ಹೆಚ್ಚು. ಆದ್ದರಿಂದ ಒಂದು ಕುಟುಂಬಕ್ಕೆ ಇನ್ನೊಂದು ಕುಟುಂಬವನ್ನು ತೂಗಿ ಲೆಕ್ಕ ಹಾಕಬೇಡಿ.

ಪ್ರಶ್ನೆ: ನೀರುನಾಯಿ ನಾಯಿಯಲ್ಲ, ಮುಂಗುಸಿಯ ಸಂಬಂಧಿ ಎಂದು ನಮ್ಮ ಮೇಷ್ಟರು ಹೇಳುತ್ತಾರೆ. ಹೌದೇ? (ಹೊಸಪೇಟೆ)

ಮೊದಲರ್ಧ ಸರಿ, ಎರಡನೆಯದು ತಪ್ಪು. ಕಾರ್ನಿವೋರಾ ಗಣದಲ್ಲಿ ಎರಡು ದೊಡ್ಡ ಹೋಳುಗಳಿವೆ: ನಾಯಿಯ ಕಡೆಯದು, ಬೆಕ್ಕಿನ ಕಡೆಯದು. ನೀರುನಾಯಿ, ಕರಡಿ, ತೋಳ ಎಲ್ಲ ನಾಯಿಯ ಕಡೆ. ನೋಡಲು ನೀರುನಾಯಿಯಂತೆಯೇ ಉದ್ದ ಮೈ, ಗಿಡ್ಡ ಕಾಲು ಇರುವ ಮುಂಗುಸಿ ಮತ್ತು ಪುನುಗು ಬೆಕ್ಕು ಬೆಕ್ಕಿನ ಕಡೆ. ಹೊಳೆದಂಡೆಯ ಜನ ಇಟ್ಟ ಹೆಸರು ಮೇಷ್ಟರ ತಿದ್ದುಪಡಿಗಿಂತ ನಿಜಕ್ಕೆ ಹತ್ತಿರವಿದೆ. ಕರ್ನಾಟಕದಲ್ಲಿ ನೀರುನಾಯಿಯ ಖಾಸಾ ದಾಯಾದಿಗಳು ತರಕರಡಿ ಮತ್ತು ಘಟ್ಟದ ನೀಲಗಿರಿ ಮಾರ್ಟೆನ್.

ಪತಂಗದ ಕಡೆ ಇಂಥದೇ ಒಂದು ಕುತೂಹಲವಿದೆ. ಅಟ್ಲಾಸಿನ ನೆಂಟರಲ್ಲೊಂದು ಶಿಡ್ಲಘಟ್ಟ, ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನೊಳಗಿನ ರೇಷ್ಮೆ ಹುಳು. ಕುಟುಂಬ ಬೇರೆ, ಮಹಾಕುಟುಂಬ ಒಂದೇ.

ಪ್ರಶ್ನೆ: ನೀರುನಾಯಿ ಕೆಂಪು ಪಟ್ಟಿಯಲ್ಲಿದೆ, ಅಟ್ಲಾಸ್ ಪತಂಗ ಹುಡುಕಿದರೂ ಸಿಗಲಿಲ್ಲ. ಹಾಗಾದರೆ ಪತಂಗಕ್ಕೆ ಅಪಾಯವಿಲ್ಲ ಎಂದು ಬರೆಯಬಹುದೇ? ಶಾಲಾ ಪ್ರಾಜೆಕ್ಟಿಗೆ ಬೇಕು. (ತೀರ್ಥಹಳ್ಳಿ)

ಬರೆಯಬೇಡಿ. ಈ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಜೀವಿಗಳಿಗಿರುವ ಅಪಾಯವನ್ನು ಅಳೆದು ವರ್ಗ ಕೊಡುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ 'ಕಳವಳ ಕಡಿಮೆ' ಎನ್ನುವುದು ಪರೀಕ್ಷೆ ಮಾಡಿ ಕೊಟ್ಟ ಅಂಕ, 'ಮೌಲ್ಯಮಾಪನವಾಗಿಲ್ಲ' ಎಂದರೆ ಪರೀಕ್ಷೆಯೇ ನಡೆದಿಲ್ಲ. ಇವೆರಡರ ನಡುವೆ 'ಮಾಹಿತಿ ಸಾಲದು' ಎಂಬ ಇನ್ನೊಂದು ವರ್ಗವೂ ಇದೆ: ಪರೀಕ್ಷೆಗೆ ಕೂರಿಸಿದ್ದರು, ಉತ್ತರ ಸಿಗಲಿಲ್ಲ ಎಂದರ್ಥ. ಸಸ್ತನಿಗಳಲ್ಲಿ ಬಹುತೇಕ ಎಲ್ಲವೂ ಈ ಪರೀಕ್ಷೆಗೆ ಕೂತಿವೆ. ಹೆಸರಿಟ್ಟ ಸುಮಾರು 10 ಲಕ್ಷ ಕೀಟಗಳಲ್ಲಿ ನೂರಕ್ಕೆ ಒಂದೆರಡು ಮಾತ್ರ.

ಸಸ್ತನಿಗೆ ಹೊಲಿದ ಅಂಗಿ ಕೀಟಕ್ಕೆ ಸರಿಹೊಂದದಿರುವುದಕ್ಕೆ ಮಾನದಂಡಗಳೇ ಕಾರಣ. ನುಣುಪು ತುಪ್ಪಳದ ನೀರುನಾಯಿ ಮತ್ತು ಸಣ್ಣ ಉಗುರಿನ ನೀರುನಾಯಿ ಎರಡೂ ಇರುವುದು 'ದುರ್ಬಲ' ವರ್ಗದಲ್ಲಿ. ಯುರೇಷ್ಯಾದ್ದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, 'ಅಪಾಯದ ಸಮೀಪ'ದಲ್ಲಿ. ಸಂಖ್ಯೆ ಕುಸಿದ ಲೆಕ್ಕದ ಮೇಲೆ 'ದುರ್ಬಲ' ಎನ್ನಬೇಕಾದರೆ 10 ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ಉದ್ದವೋ ಅಷ್ಟು ಅವಧಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 30ರಷ್ಟಾದರೂ ಇಳಿಕೆ ಕಾಣಬೇಕು. ನೀರುನಾಯಿಯ ತಲೆಮಾರು ಹಲವು ವರ್ಷದ್ದು, ಹೊಳೆಯ ಯಾವ ಭಾಗದಿಂದ ಅದು ಮಾಯವಾಯಿತೆಂದು ಹಳೆಯ ದಾಖಲೆ ಮತ್ತು ಮೀನುಗಾರರ ನೆನಪಿನಿಂದ ಅಂದಾಜು ಮಾಡಬಹುದು. ಅಟ್ಲಾಸಿನ ಮೂರು ತಲೆಮಾರು ಎಂದರೆ ಎರಡು ಮೂರು ವರ್ಷ, ಹಾಗಾಗಿ 10 ವರ್ಷದ ನಿಯಮವೇ ಅನ್ವಯಿಸುತ್ತದೆ. ಒಂದೇ ಜಾಗದಲ್ಲಿ ಒಂದೇ ವಿಧಾನದಲ್ಲಿ ಹತ್ತು ವರ್ಷ ಪತಂಗ ಎಣಿಸಿದ ಪುಸ್ತಕ ಯಾರ ಮನೆಯಲ್ಲಿದೆ? ಅದರ ಮೇಲೆ ಪತಂಗದ ಸಂಖ್ಯೆ ಮಳೆಯನ್ನು ನೋಡಿಕೊಂಡು ವರ್ಷದಿಂದ ವರ್ಷಕ್ಕೆ ಜಿಗಿಯುತ್ತದೆ. ಎರಡು ವರ್ಷದ ಎಣಿಕೆ ಇಟ್ಟುಕೊಂಡು ಇಳಿಕೆ ಎಂದರೂ ಸುಳ್ಳು, ಏರಿಕೆ ಎಂದರೂ ಸುಳ್ಳು.

ಕಾನೂನಿನಲ್ಲೂ ಇದೇ ಅಂತರ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ನೀರುನಾಯಿಗಳು ಮೊದಲ ಅನುಸೂಚಿಯಲ್ಲಿವೆ, ಕೊಂದವರಿಗೆ ಕನಿಷ್ಠ 3 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. 2019ರಲ್ಲಿ ಜಿನೀವಾದಲ್ಲಿ ನಡೆದ, ವನ್ಯಜೀವಿ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಸಭೆ ನುಣುಪು ತುಪ್ಪಳದ ಮತ್ತು ಸಣ್ಣ ಉಗುರಿನ ನೀರುನಾಯಿಗಳನ್ನು ಮೊದಲ ಅನುಬಂಧಕ್ಕೆ ಏರಿಸಿ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ಮುಚ್ಚಿತು. ಕಾಯ್ದೆಯ ಕೀಟಗಳ ಪಟ್ಟಿಯನ್ನು ತೆರೆದರೆ ಹೆಚ್ಚಾಗಿ ಕಾಣುವುದು ಚಿಟ್ಟೆಗಳು. ಹಗಲು ಹಾರುವುದಕ್ಕೆ ಕಾನೂನಿನಲ್ಲೂ ಮರ್ಯಾದೆ ಹೆಚ್ಚು.

ಪ್ರಾಜೆಕ್ಟಿನಲ್ಲಿ ಹೀಗೆ ಬರೆಯಿರಿ: "ನೀರುನಾಯಿ: ದುರ್ಬಲ. ಅಟ್ಲಾಸ್: ಮೌಲ್ಯಮಾಪನದ ಮಾಹಿತಿ ಪಟ್ಟಿಯಲ್ಲಿ ಸಿಗಲಿಲ್ಲ." ಹುಡುಕಿದ ದಿನಾಂಕವನ್ನೂ ಬರೆಯಿರಿ, ಪಟ್ಟಿ ಬದಲಾಗುತ್ತಲೇ ಇರುತ್ತದೆ.

ಪ್ರಶ್ನೆ: ಒಂದಕ್ಕೆ ಮೀಸಲು ಪ್ರದೇಶ ಮಾಡಿದ್ದಾರೆ, ಇನ್ನೊಂದಕ್ಕೆ ಏಕಿಲ್ಲ? (ಕೊಪ್ಪಳ)

ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ನೀರುನಾಯಿಗೆಂದೇ ಮಾಡಿದ ದೇಶದ ಮೊದಲ ಮೀಸಲು ಅದು. ಅಳತೆ ಚದರ ಕಿಲೋಮೀಟರಿನಲ್ಲಲ್ಲ, ಹೊಳೆಯ ಉದ್ದದಲ್ಲಿ ಇರುವುದನ್ನು ಗಮನಿಸಿ. ನೀರುನಾಯಿಯ ಗುಂಪು ಬದುಕುವುದು ದಂಡೆಗುಂಟ: ಮರಿ ಹಾಕಲು ಬಂಡೆಗಳ ಸಂದು, ಮೈ ಒರೆಸಿಕೊಳ್ಳಲು ಮರಳದಿಬ್ಬ, ಮೀನಿಗೆ ಮಡುವು, ಮೂರೂ ಒಂದೇ ಪಟ್ಟಿಯಲ್ಲಿ ಬೇಕು. ಮರಳು ತೆಗೆದರೆ ದಿಬ್ಬ ಹೋಗುತ್ತದೆ, ಕಲ್ಲು ಒಡೆದರೆ ಬಿಲ ಹೋಗುತ್ತದೆ, ಸಿಡಿಮದ್ದು ಹಾಕಿ ಮೀನು ಹಿಡಿದರೆ ದೊಡ್ಡ ಮೀನಿನ ಜೊತೆ ಮರಿಮೀನೂ ಸತ್ತು ಮುಂದಿನ ವರ್ಷದ ಊಟವೂ ಹೋಗುತ್ತದೆ. ಬಿಟ್ಟ ಬಲೆಗೆ ಸಿಕ್ಕಿದ ನೀರುನಾಯಿ ಉಸಿರಿಗೆ ಮೇಲೆ ಬರಲಾಗದೆ ನಿಮಿಷಗಳಲ್ಲಿ ಮುಳುಗಿ ಸಾಯುತ್ತದೆ. ಎರಡು ತಿಂಗಳು ಬಸಿರು, ಸೂಲಿಗೆ ಎರಡರಿಂದ ಐದು ಮರಿ. ಒಂದು ಗುಂಪು ಹೋದರೆ ಆ ಜಾಗ ತುಂಬಲು ವರ್ಷಗಳೇ ಬೇಕು.

ಪತಂಗದ ಲೆಕ್ಕ ತಿರುಗುಮುರುಗು. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ, ಬಹುಪಾಲು ಸಾಯುವುದು ಸಹಜ. ಹತ್ತು ಪತಂಗ ಸತ್ತದ್ದಕ್ಕಿಂತ ಕಂಬಳಿಹುಳು ತಿನ್ನುವ ಮರ ಹೋದದ್ದು ದೊಡ್ಡ ನಷ್ಟ. ಅದಕ್ಕೆ ಬೇಕಾದದ್ದು ಬೇಲಿ ಹಾಕಿದ ಜಾಗವಲ್ಲ. ಸೊಪ್ಪಿನ ಬೆಟ್ಟ, ದೇವರಕಾಡು, ತೋಟದಂಚಿನ ದಾಲ್ಚಿನ್ನಿ, ಹಿತ್ತಿಲ ಸೀಬೆ, ಹೀಗೆ ಚದುರಿದ ನೂರಾರು ಮರಗಳು ವಿಷವಿಲ್ಲದೆ ಉಳಿಯಬೇಕು.

ಪ್ರಶ್ನೆ: ಸೀಬೆ ಮರದಲ್ಲಿ ಎಲೆ ಸುತ್ತಿಕೊಂಡ ದೊಡ್ಡ ಗೂಡು ಸಿಕ್ಕಿದೆ, ಅಟ್ಲಾಸ್ ಎನ್ನುತ್ತಾರೆ. ರೆಂಬೆ ಕಡಿಯಲೇಬೇಕು. ಏನು ಮಾಡಲಿ? (ಸಾಗರ)

ಕಡಿಯುವುದನ್ನು ಮುಂದೂಡಲಾಗದಿದ್ದರೆ ಗೂಡಿನ ಎರಡೂ ಕಡೆ ಒಂದೊಂದು ಗೇಣು ಬಿಟ್ಟು ರೆಂಬೆ ಕತ್ತರಿಸಿ. ಗೂಡು ಹೇಗೆ ತೂಗುತ್ತಿತ್ತೋ ಹಾಗೆಯೇ, ತಲೆಕೆಳಗು ಮಾಡದೆ, ಅದೇ ಮರದ ನೆರಳಿನ ಕೊಂಬೆಗೆ ಸೆಣಬಿನ ದಾರದಿಂದ ಕಟ್ಟಿ. ಎಲೆ ಒಣಗಿ ಉದುರಿದರೆ ಚಿಂತೆಯಿಲ್ಲ, ಗೂಡಿನ ಎಳೆ ರೆಂಬೆಗೆ ಅಂಟಿರುತ್ತದೆ. ಇರುವೆ ಸಾಲು ಹತ್ತಿರ ಬರದಂತೆ ನೋಡಿ.

ಮನೆಯೊಳಗೆ ಇಡಲೇಬೇಕೆಂದರೆ ಎರಡಡಿ ಎತ್ತರದ ಸೊಳ್ಳೆಪರದೆಯ ಬಲೆಗೂಡು ಬೇಕು. ಗಾಜಿನ ಬಾಟಲಿ, ಪ್ಲಾಸ್ಟಿಕ್ ಡಬ್ಬಿ ಬೇಡವೇ ಬೇಡ. ಡಬ್ಬಿಯಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಗಾಜಿನಲ್ಲಿ ಆಗುವ ಅನಾಹುತ ಇನ್ನೂ ಕೆಟ್ಟದ್ದು: ಹೊರಬಂದ ಪತಂಗದ ರೆಕ್ಕೆ ಮುದುಡಿದ ಒದ್ದೆ ಬಟ್ಟೆಯಂತಿರುತ್ತದೆ, ಅದು ಒರಟು ಮೇಲ್ಮೈ ಹತ್ತಿ ಜೋತುಬಿದ್ದು ದ್ರವ ತುಂಬಿ ರೆಕ್ಕೆ ಬಿಡಿಸಿಕೊಳ್ಳಬೇಕು. ಗಾಜಿನಲ್ಲಿ ಜಾರಿ ಬಿದ್ದರೆ ರೆಕ್ಕೆ ಸೊಟ್ಟಗೇ ಗಟ್ಟಿಯಾಗುತ್ತದೆ, ಆಮೇಲೆ ಯಾರೂ ಸರಿಪಡಿಸಲಾರರು. ರೆಕ್ಕೆ ಬಿಡಿಸುವಾಗ ಬೆರಳು ತಾಗಿಸಿದರೂ ಇದೇ ಗತಿ. ಒಣ ಹವೆಯಿದ್ದರೆ ಎರಡು ದಿನಕ್ಕೊಮ್ಮೆ ಗೂಡಿನ ಸುತ್ತ ನೀರಿನ ತುಂತುರು ಸಾಕು, ನೆನೆಸಬೇಡಿ.

ಎಷ್ಟು ದಿನ ಕಾಯಬೇಕು? ಮಳೆಗಾಲದ ಗೂಡು ಒಂದು ತಿಂಗಳ ಆಸುಪಾಸಿನಲ್ಲಿ ಒಡೆಯಬಹುದು, ಒಣ ಕಾಲಕ್ಕೆ ಸಿಕ್ಕಿದ್ದು ಮುಂದಿನ ಮಳೆಯವರೆಗೂ ಮಲಗಿರಬಹುದು. ಎರಡು ತಿಂಗಳಾಯಿತೆಂದು ಎಸೆಯಬೇಡಿ, ಬದುಕಿದೆಯೇ ಎಂದು ಅಲುಗಾಡಿಸಿ ನೋಡಬೇಡಿ. ಗೂಡಿನಿಂದ ಪತಂಗದ ಬದಲು ಸಣ್ಣ ಕಣಜವೋ ನೊಣವೋ ಬಂದರೆ ಅದು ನಿಮ್ಮ ತಪ್ಪಲ್ಲ. ಹುಳುವಾಗಿದ್ದಾಗಲೇ ಪರಾವಲಂಬಿ ಮೊಟ್ಟೆ ಇಟ್ಟಿರುತ್ತದೆ.

ಹೊರಬಂದದ್ದಕ್ಕೆ ಸಕ್ಕರೆ ನೀರು, ಹಣ್ಣು ಕೊಡಲು ಹೋಗಬೇಡಿ. ದೊಡ್ಡ ಅಟ್ಲಾಸಿಗೆ ತಿನ್ನುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆ ಒಂದೆರಡು ವಾರ ಬದುಕಿ ಮುಗಿಯುತ್ತದೆ. ಆದ್ದರಿಂದ ಅದೇ ಸಂಜೆ ಕತ್ತಲಾದ ಮೇಲೆ ಸೀಬೆ ಮರದ ಹತ್ತಿರವೇ ಬಿಡಿ. ಮೀಸೆ ಅಗಲವಾಗಿ ಗರಿಯಂತಿದ್ದರೆ ಗಂಡು, ಅದು ಹಾರಿಹೋಗುತ್ತದೆ. ಮೀಸೆ ಸಪೂರವಾಗಿ ಹೊಟ್ಟೆ ದಪ್ಪವಿದ್ದರೆ ಹೆಣ್ಣು, ಅದು ಅಲ್ಲೇ ಕೂತು ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ. ಫೋಟೋಕ್ಕಾಗಿ ಮೂರು ರಾತ್ರಿ ಕೋಣೆಯಲ್ಲಿಟ್ಟರೆ ಅದರ ಬಾಳಿನ ದೊಡ್ಡ ಪಾಲನ್ನೇ ಕಿತ್ತುಕೊಂಡಂತೆ.

ಪ್ರಶ್ನೆ: ಗಂಗಾ ಡಾಲ್ಫಿನ್ ಕರ್ನಾಟಕದ ಹೊಳೆಗಳಲ್ಲಿ ಇದೆಯೇ? (ಕಾರವಾರ)

ಇಲ್ಲ. ಅದು ಗಂಗಾ ಮತ್ತು ಬ್ರಹ್ಮಪುತ್ರ ನದಿವ್ಯವಸ್ಥೆಯದ್ದು. ನಿಮ್ಮ ಊರಿನ ಅಳಿವೆಯಲ್ಲಿ ಕಾಣುವುದು ಕಡಲಿನ ಗೂನುಬೆನ್ನಿನ ಡಾಲ್ಫಿನ್.

ಪ್ರಶ್ನೆ: ಹೋಮ್‌ಸ್ಟೇಯ ದೀಪಕ್ಕೆ ಪತಂಗಗಳು ಮುತ್ತಿ ಬೆಳಗ್ಗೆ ಸತ್ತು ಬಿದ್ದಿರುತ್ತವೆ. ದೀಪ ಆರಿಸಲಾಗದು. ಬೇರೆ ದಾರಿಯಿದೆಯೇ? (ಮಡಿಕೇರಿ)

ಇದೆ. ಪತಂಗ ದೀಪವನ್ನು ಮೋಹಿಸಿ ಬರುತ್ತದೆ ಎನ್ನುವುದು ಕವಿಸಮಯ. 2024ರಲ್ಲಿ ಪ್ರಕಟವಾದ ವೇಗದ ಕ್ಯಾಮೆರಾ ಅಧ್ಯಯನವೊಂದರ ಪ್ರಕಾರ ಹಾರುವ ಕೀಟ ಬೆಳಕಿನ ಕಡೆಗೆ ಬೆನ್ನು ತಿರುಗಿಸುತ್ತದೆ. ರಾತ್ರಿಯ ಆಕಾಶ ನೆಲಕ್ಕಿಂತ ಬೆಳಗಿರುವುದರಿಂದ ಮೇಲು ಯಾವುದು ಎಂದು ತಿಳಿಯಲು ಅದಕ್ಕೆ ಅಷ್ಟು ಸಾಕಿತ್ತು. ಪಕ್ಕದಲ್ಲಿ ಬಲ್ಬು ಬಂದರೆ ಅದೇ ಅಭ್ಯಾಸ ಬಲೆಯಾಗುತ್ತದೆ, ಬೆನ್ನು ತಿರುಗಿಸುತ್ತ ಸುತ್ತು ಹಾಕುತ್ತಲೇ ಇರುತ್ತದೆ. ಕಣಗಿಲೆ ಪತಂಗದಂಥ ಕೆಲವು ಇದಕ್ಕೆ ಬೀಳುವುದಿಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು ಬಲ್ಬಿನ ಮೇಲೆ ಮತ್ತು ಬದಿಗೆ ಮುಚ್ಚುವ ಟೊಪ್ಪಿ, ಬೆಳಕು ಕೆಳಗೆ ಮಾತ್ರ ಬೀಳಲಿ. ಬಿಳಿ ಎಲ್‌ಇಡಿ ತೆಗೆದು 2,700 ಕೆಲ್ವಿನ್ ಅಥವಾ ಅದಕ್ಕಿಂತ ಕಡಿಮೆಯ ಹಳದಿ ಬಲ್ಬು ಹಾಕಿ. ದಾರಿದೀಪಕ್ಕೆ ಚಲನೆ ಕಂಡಾಗ ಮಾತ್ರ ಹೊತ್ತುವ ಸೆನ್ಸರ್ ಇರಲಿ. ಬಿಳಿ ಗೋಡೆಗೆ ನೇರ ಬೆಳಕು ಬಿಡಬೇಡಿ. ಬೆಳಗ್ಗೆ ಕಾಣುವ ಸಾವಿಗೆ ಒಂದು ಕಾರಣ ಆಯಾಸ, ಇನ್ನೊಂದು ಗೋಡೆಯ ಮೇಲೆ ಕೂತ ಪತಂಗವನ್ನು ಹೆಕ್ಕುವ ಹಕ್ಕಿಗಳು. ಹಾಗಾಗಿ ಉಳಿದವನ್ನು ನಸುಕಿಗೆ ಮೊದಲೇ ಪೊದೆಯೊಳಗೆ ಬಿಡುವುದು ಸಣ್ಣ ಕೆಲಸವೇನಲ್ಲ.

ಪ್ರಶ್ನೆ: ನೀರಿನೊಳಗೆ ಬದುಕುವ ಪತಂಗ ಇದೆ ಎಂದು ಓದಿದೆ. ನಿಜವೇ? (ಗಂಗಾವತಿ)

ನಿಮ್ಮ ಗದ್ದೆಯಲ್ಲೇ ಇದೆ. ಭತ್ತದ ಕೊಳವೆ ಹುಳು ಎನ್ನುವುದು ಪ್ಯಾರಾಪೊಯಿಂಕ್ಸ್ ಸ್ಟ್ಯಾಗ್ನಾಲಿಸ್ ಎಂಬ ಪುಟ್ಟ ಬಿಳಿ ಪತಂಗದ ಮರಿ. ಮೈಯ ಇಕ್ಕೆಲದಲ್ಲೂ ಎಳೆಯೆಳೆಯಾದ ಕಿವಿರು ಇರುತ್ತದೆ. ಎಲೆತುದಿ ಕತ್ತರಿಸಿ ಕೊಳವೆಯಾಗಿ ಸುತ್ತಿಕೊಂಡು ಒಳಗೆ ಸ್ವಲ್ಪ ನೀರು ಹಿಡಿದಿಟ್ಟು, ಸಸಿಯ ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ. ಎಲೆಯಲ್ಲಿ ಏಣಿಮೆಟ್ಟಿಲಿನಂಥ ಬಿಳಿ ಗೀರು, ಕತ್ತರಿಯಲ್ಲಿ ಕತ್ತರಿಸಿದಂಥ ತುದಿ, ನೀರಿನ ಮೇಲೆ ತೇಲುವ ಕೊಳವೆ ಕಂಡರೆ ಇದೇ.

ನೀರುನಾಯಿಗೂ ಪತಂಗಕ್ಕೂ ನಿಜವಾದ ನಂಟು ಬೀಳುವುದು ಇಲ್ಲಿ. ಗಂಗಾವತಿ ಕಡೆಯ ಗದ್ದೆಗಳ ಬಸಿನೀರು ಹಳ್ಳಗಳ ಮೂಲಕ ಮತ್ತೆ ತುಂಗಭದ್ರೆಗೇ ಇಳಿಯುತ್ತದೆ. ಈ ಹುಳುವಿಗೆಂದು ಹೊಡೆದ ಕೀಟನಾಶಕ ಮೀನು ಸಾಕುವ ನೀರಿಗೆ, ಅಲ್ಲಿಂದ ಮೀನನ್ನೇ ತಿನ್ನುವ ಪ್ರಾಣಿಯವರೆಗೆ ದಾರಿ ಮಾಡಿಕೊಳ್ಳುತ್ತದೆ. ಔಷಧವಿಲ್ಲದೆ ಹಿಡಿಯಬಹುದಾದ ಹುಳುಗಳಲ್ಲಿ ಇದು ಮೊದಲನೆಯದು, ಏಕೆಂದರೆ ಕಿವಿರಿನ ಹುಳು ಒಣ ಗದ್ದೆಯಲ್ಲಿ ಬದುಕದು. ಮೊದಲು ಗದ್ದೆಯಲ್ಲಿ ನೀರಿರುವಾಗಲೇ ಇಬ್ಬರು ಎರಡು ಬದುವಿನಲ್ಲಿ ನಿಂತು ಹಗ್ಗವನ್ನು ಪೈರಿನ ಮೇಲೆ ಎಳೆಯಿರಿ, ಕೊಳವೆಗಳು ನೀರಿಗೆ ಉದುರುತ್ತವೆ. ಆಮೇಲೆ ಮಡೆ ಬಿಚ್ಚಿ, ಮಡೆಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ ಕೊಳವೆಗಳನ್ನು ಹಿಡಿದು ಹೂತುಬಿಡಿ. ಎರಡು ಮೂರು ದಿನ ಗದ್ದೆ ಬಸಿದೇ ಇರಲಿ. ಬಲೆ ಕಟ್ಟದೆ ನೀರು ಬಿಟ್ಟರೆ ಹುಳು ಕೆಳಗಿನವರ ಗದ್ದೆಗೆ ಹೋಗುತ್ತದೆ, ಜಗಳವೂ ಜೊತೆಗೆ. ಹಗ್ಗಕ್ಕೆ ಸೀಮೆಎಣ್ಣೆ ಅದ್ದುವ ರೂಢಿಯಿದೆ. ಬಸಿನೀರು ಹೊಳೆಗೆ ಸೇರುವಲ್ಲಿ ಬರಿ ಹಗ್ಗವೇ ಸಾಕು ಎನ್ನುವುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಮೀನುಹೊಂಡಕ್ಕೆ ರಾತ್ರಿ ಏನೋ ಬಂದು ತಿಂದುಹೋಗುತ್ತಿದೆ. ನೀರುನಾಯಿಯೇ ಎಂದು ತಿಳಿಯುವುದು ಹೇಗೆ, ತಡೆಯುವುದು ಹೇಗೆ? (ಕಂಪ್ಲಿ)

ದಂಡೆಯ ಒದ್ದೆ ಮಣ್ಣು ನೋಡಿ. ನೀರುನಾಯಿಯ ಹೆಜ್ಜೆಯಲ್ಲಿ ಐದು ಬೆರಳು, ಮೆತ್ತನೆ ಕೆಸರಿನಲ್ಲಿ ಬೆರಳ ನಡುವಿನ ಪೊರೆಯ ಗುರುತೂ ಕಾಣುತ್ತದೆ. ನಾಯಿಯದ್ದು ನಾಲ್ಕೇ ಬೆರಳು. ಎತ್ತರದ ಕಲ್ಲಿನ ಮೇಲೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾಕಿದ, ಮೀನಿನ ಹುರುಪೆ ಮತ್ತು ಮುಳ್ಳು ತುಂಬಿದ ಹಿಕ್ಕೆಯಿದ್ದರೆ ಅನುಮಾನ ಬೇಡ. ಏಡಿಯ ಚಿಪ್ಪೇ ಹೆಚ್ಚಿದ್ದರೆ ಅದು ಸಣ್ಣ ಉಗುರಿನ ನೀರುನಾಯಿಯ ಲಕ್ಷಣ. ಆದರೆ ಅದು ಘಟ್ಟದ ತೊರೆಗಳದ್ದು, ನಿಮ್ಮ ಕಡೆಯದ್ದಲ್ಲ.

ತಡೆಗೆ ಬೇಲಿಯೊಂದೇ ದಾರಿ. ನೆಲದ ಮೇಲೆ ನಾಲ್ಕಡಿಗೂ ಹೆಚ್ಚು ಎತ್ತರ, ಎರಡು ಇಂಚಿನ ಕಣ್ಣಿನ ತಂತಿಬಲೆ, ಮೇಲಿನ ಒಂದಡಿ ಹೊರಕ್ಕೆ ಬಾಗಿರಲಿ. ಬೇಲಿ ಸೋಲುವುದು ಬುಡದಲ್ಲಿ: ನೀರುನಾಯಿ ಹತ್ತುವುದಕ್ಕಿಂತ ಮೊದಲು ತೋಡುತ್ತದೆ. ಬಲೆಯನ್ನು ಒಂದೂವರೆ ಅಡಿ ನೆಲದಲ್ಲಿ ಹೂತು, ಬುಡವನ್ನು ಹೊರಗಡೆಗೆ ಎಲ್ ಆಕಾರದಲ್ಲಿ ಮಡಿಸಿ. ನೀರು ಬರುವ, ಹೋಗುವ ಕೊಳವೆಗಳ ಬಾಯಿಗೂ ಜಾಲರಿ ಬೇಕು. ಬೇಲಿಯೆಲ್ಲ ಭದ್ರ ಮಾಡಿ ತೂಬು ಮರೆಯುವವರೇ ಹೆಚ್ಚು. ವಿದ್ಯುತ್ ಹರಿಸಿದ ತಂತಿ, ಉರುಳು, ವಿಷ ಹಾಕಿದ ಮೀನು ಮೂರೂ ಅಪರಾಧ. ಹೊಂಡದ ಬಳಿ ಮರಿ ಒಂಟಿಯಾಗಿ ಕಂಡರೆ ಎತ್ತಿಕೊಳ್ಳಬೇಡಿ, ನಾಯಿಗಳನ್ನು ಕಟ್ಟಿಹಾಕಿ ದೂರ ನಿಲ್ಲಿ. ತಾಯಿ ಕತ್ತಲಾದ ಮೇಲೆ ಬರುವ ಸಾಧ್ಯತೆಯೇ ಹೆಚ್ಚು. ಮರಿಗೆ ಗಾಯವಾಗಿದ್ದರೆ ಅಥವಾ ಬೆಳಗಾದರೂ ಅಲ್ಲೇ ಇದ್ದರೆ ವಲಯ ಅರಣ್ಯಾಧಿಕಾರಿಗೆ ತಿಳಿಸಿ, ಅವರು ಬರುವವರೆಗೆ ಹಾಲು ಕುಡಿಸಬೇಡಿ.